ಅವರದೇ ಮಾತಿನಲ್ಲಿ

ಮೂರನೆಯ ಚಮಚಕ್ಕೇ ದೊಡ್ಡಮ್ಮ “ಸಾಕು” ಎಂದು ಮುಖ ತಿರುಗಿಸಿದಳು. ಬಟ್ಟಲಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಗಂಜಿ ಉಳಿದಿತ್ತು; ಎಂಟೂಮುಕ್ಕಾಲಿನ ಬಸ್ಸು ತಪ್ಪಿದರೆ ಮುಂದಿನದಕ್ಕೆ ಅರ್ಧ ಗಂಟೆ ಕಾಯಬೇಕು. ಉಣಿಸುತ್ತಿದ್ದವಳು ಕೇಳಿಸದವಳಂತೆ ನಾಲ್ಕನೆಯ ಚಮಚ ಬಾಯಿಗಿಟ್ಟಳು. ಐದನೆಯದೂ ಹೇಗೋ ಇಳಿಯಿತು. ಆರನೆಯದು ಗಲ್ಲದಿಂದ ಜಾರಿ ಕುತ್ತಿಗೆಯ ಸುಕ್ಕಿನಲ್ಲಿ ನಿಂತಿತು. ಅದನ್ನು ಒರೆಸುತ್ತ, “ಖಾಲಿ ಹೊಟ್ಟೇಲಿ ಮಾತ್ರೆ ನುಂಗಬಾರದು ದೊಡ್ಡಮ್ಮ, ಇನ್ನೊಂದೇ ಒಂದು” ಎಂದಳು. ಮೂವತ್ತೊಂದು ವರ್ಷ ಬೀದಿ ಬೀದಿಯ ಹೆಂಗಸರ ಮುಂದೆ ಬಳಸಿ ಸವೆದ ದನಿ ಅದು, ಒಳಗೊಂದು ಸಣ್ಣ ಗದರಿಕೆಯನ್ನು ಬಚ್ಚಿಟ್ಟುಕೊಂಡ ಮೃದು ದನಿ. ದೊಡ್ಡಮ್ಮ ಬಾಯಿ ತೆರೆಯಲಿಲ್ಲ. ತೊಂಬತ್ತರ ಹತ್ತಿರದ ಆ ಕಣ್ಣುಗಳಲ್ಲಿ ಸಿಟ್ಟೂ ಇರಲಿಲ್ಲ, ಸುಮ್ಮನೆ ನೋಡುತ್ತಿದ್ದವು, ನನ್ನ ಮಾತು ನಿನಗೆ ಕೇಳಿಸಿದೆ, ಕೇಳಿಸಿಯೂ ಹೀಗೆ ಮಾಡುತ್ತೀಯ ಅನ್ನುವ ಹಾಗೆ. ಅವಳು ಚಮಚ ಕೆಳಗಿಟ್ಟಳು. ನಿನ್ನೆ ಸಂಜೆಯಿಂದ ಯಾವ ಮಾತೂ ಅದರ ಪಾಡಿಗೆ ಅದು ಇರುತ್ತಿಲ್ಲ, ಎಲ್ಲವೂ ಬಂದು ಅದೊಂದು ಹಾಳೆಗೇ ತಗುಲಿಕೊಳ್ಳುತ್ತಿವೆ ಎಂದುಕೊಂಡು ಬಟ್ಟಲನ್ನು ಸಿಂಕಿನಲ್ಲಿಟ್ಟು ನೀರು ಬಿಟ್ಟಳು.

“ಇವತ್ತೇ ಅಲ್ವೇನೇ ನಿಮ್ಮ ಬೀಗರ ಮೀಟಿಂಗು?” ಎಂದು ಗಂಡ ಪೇಪರಿನ ಹಿಂದಿನಿಂದ ಕೇಳಿದ. ಊರಿನ ನಗರಸಭೆಯೂ ಕುಟುಂಬ ಯೋಜನೆ ಕೆಲಸದ ಒಂದು ಸ್ವಯಂಸೇವಾ ಸಂಸ್ಥೆಯೂ ಕೈಜೋಡಿಸಿ ಕ್ಲಿನಿಕ್ಕು ತೆರೆದ ದಿನದಿಂದ ಅವನು ಆ ಎರಡು ಕಡೆಯವರನ್ನು ಬೀಗರು ಅಂತಲೇ ಕರೆಯುವುದು. “ಎರಡು ವರ್ಷದ ಸಂಸಾರ. ಮಕ್ಕಳಾಗದೇ ಇರೋದನ್ನೇ ಸಾಧನೆ ಅಂತ ಬರ್ಕೊಳ್ಳೋ ಸಂಸಾರ ಭೂಮಿ ಮೇಲೆ ಇದೊಂದೇ ಇರಬೇಕು.” ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಇವತ್ತು ಚೀಲದ ಜಿಪ್ಪು ಎಳೆಯುವಾಗ ಬೆರಳು ಸಿಕ್ಕಿಕೊಂಡು ಉರಿಯಿತು, ಆ ಉರಿಗೇ ಸಿಟ್ಟು ಬಂದು “ಹನ್ನೆರಡು ಗಂಟೆಗೆ ದೊಡ್ಡಮ್ಮನ ಮಗ್ಗುಲು ತಿರುಗಿಸಿ, ಮರೀಬೇಡಿ” ಎಂದಷ್ಟೇ ಹೇಳಿ ಹೊರಟಳು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಎದುರಿನ ಸೀಟಿನ ಹೆಂಗಸಿನ ಹೆಗಲ ಮೇಲಿಂದ ಒಂದು ಕೂಸು ಅವಳನ್ನೇ ಕಣ್ಣು ಪಿಳುಕಿಸದೆ ನೋಡುತ್ತಿತ್ತು; ಮೂರು ತಿಂಗಳಿರಬಹುದು, ಹೆಚ್ಚೆಂದರೆ ನಾಲ್ಕು. ತಾಯಿಯ ವಯಸ್ಸು, ಬಳಲಿಕೆ, ಪಕ್ಕದಲ್ಲಿ ನಿಂತ ಇನ್ನೊಂದು ಮಗುವಿನ ಎತ್ತರ, ಎಲ್ಲವನ್ನೂ ಕಣ್ಣು ತನಗೆ ತಾನೇ ಅಳೆದು ಮುಗಿಸಿತ್ತು. ಇದೊಂದು ರೋಗ ಎನಿಸಿತು. ಎಂಟು ತಿಂಗಳು ಕಳೆದರೆ ನಿವೃತ್ತಿ. ಆಮೇಲೂ ಈ ಕಣ್ಣು ಹೀಗೇ ಅಳೆಯುತ್ತಿರುತ್ತದೋ ಏನೋ.

ನಿನ್ನೆ ಸಂಜೆ ಫೋನು ಮಾಡಿದ್ದು ಸಂಸ್ಥೆಯ ಸಮಾಲೋಚಕಿ. ಎರಡು ವರ್ಷದಿಂದ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಕೆಲಸ ಮಾಡಿದವರು. “ಅಕ್ಕಾ, ನಾಳೆ ಮೀಟಿಂಗಲ್ಲಿ ಆ ಬಸುರಿ ಹೆಂಗಸಿನ ಹಾಳೆ ತೆಗೀತಾರಂತೆ. ವಾರ್ಡ್ ಮೆಂಬರು ಅರ್ಜಿ ಬರ್ಕೊಟ್ಟಿದಾರೆ” ಎಂದು ಒಂದೇ ಉಸಿರಿಗೆ ಹೇಳಿ, ಆಮೇಲೆ, “ಅದು ನಿಮ್ಮ ಅಕ್ಷರ ಅಕ್ಕಾ” ಎಂದಿದ್ದಳು. ಗೊತ್ತು ಎನ್ನುವ ಬದಲು, ಕುಕ್ಕರು ಕೂಗಿತು ಅಂತ ಸುಳ್ಳು ಹೇಳಿ ಫೋನಿಟ್ಟಿದ್ದಳು. ಕುಕ್ಕರು ಒಲೆಯ ಮೇಲೇ ಇರಲಿಲ್ಲ. ಐವತ್ತೊಂಬತ್ತು ವರ್ಷದ ಹೆಂಗಸು ಹೀಗೆ ಕುಕ್ಕರಿನ ಹಿಂದೆ ಅಡಗಿಕೊಳ್ಳಬೇಕೆ ಎಂದು ಆಮೇಲೆ ಬಹಳ ಹೊತ್ತು ನಾಚಿಕೆಯಾಗಿತ್ತು.

ಕ್ಲಿನಿಕ್ಕಿನ ಕೋಣೆ ಒಂದೇ, ಮೇಜು ಎರಡು. ನಗರಸಭೆಯದು ಮರದ್ದು, ಒಂದು ಕಾಲಿಗೆ ಮಡಿಸಿದ ರಟ್ಟು. ಸಂಸ್ಥೆಯದು ಬಿಳಿ ಬಣ್ಣದ ಹೊಸದು. ಫ್ಯಾನು ನಗರಸಭೆಯದಾದರೂ ಅದರ ಸ್ವಿಚ್ಚು ಸಂಸ್ಥೆಯ ಮೇಜಿನ ಹಿಂದಿದೆ, ಹಾಗಾಗಿ ಸೆಕೆಯಾದಾಗೆಲ್ಲ ಒಬ್ಬರನ್ನೊಬ್ಬರು ಕೇಳದೆ ಗತಿಯಿಲ್ಲ. ಮೊದಲು ಇದ್ದದ್ದು ನಗರಸಭೆಯ ರಿಜಿಸ್ಟರು ಮಾತ್ರ, ಅದರಲ್ಲಿ ಮೂರೇ ಮನೆ: ಬೇಕು, ಸಾಕು, ಗೊತ್ತಿಲ್ಲ. ಗಲ್ಲಿ ಗಲ್ಲಿ ತಿರುಗಿ ಬಾಗಿಲಲ್ಲಿ ನಿಂತು ಅತ್ತೆಯನ್ನೋ ಗಂಡನನ್ನೋ “ಬೇಕಾ, ಸಾಕಾ?” ಎಂದು ಕೇಳಿ ಗುರುತು ಹಾಕಿಕೊಳ್ಳುವುದು ನಗರಸಭೆಯ ಕಾರ್ಯಕರ್ತೆಯಾದ ಅವಳ ಕೆಲಸ. ಮಕ್ಕಳು ಅವಳಿಗೆ ಸಾಕಮ್ಮ ಅಂತ ಹೆಸರಿಟ್ಟವು. “ಸಾಕಮ್ಮ ಬಂದ್ಲು, ಬಚ್ಚಿಟ್ಕೊಳ್ರೋ, ಒಬ್ಬರನ್ನ ಕಡಿಮೆ ಮಾಡ್ತಾಳೆ” ಎಂದು ಓಡುತ್ತಿದ್ದ ಮಕ್ಕಳೇ ಈಗ ತಮ್ಮ ಹೆಂಡಿರನ್ನು ಕರೆದುಕೊಂಡು ಬಂದು, ಅಡ್ಡಹೆಸರೆಂಬುದನ್ನೇ ಮರೆತು, “ಸಾಕಮ್ಮ ಮೇಡಂ ಇದಾರಾ?” ಎಂದು ಭಕ್ತಿಯಿಂದ ಕೇಳುತ್ತಾರೆ. ಸಂಸ್ಥೆಯವರು ಬಂದ ಮೇಲೆ ಮೂರು ಮನೆಯ ಜಾಗಕ್ಕೆ ನಾಲ್ಕು ಪುಟದ ಹಾಳೆ ಬಂತು, ಇಪ್ಪತ್ತೆರಡು ಕಲಮಿನದು. ಏಳನೆಯ ಕಲಮು: ‘ಮುಂದಿನ ಮಗುವಿನ ಬಗ್ಗೆ ಮನೆಯವರ ಅಭಿಪ್ರಾಯ. ಅವರದೇ ಮಾತಿನಲ್ಲಿ ಬರೆಯಿರಿ.’ ಅದರ ಪಕ್ಕ ಒಂದು ಪುಟ್ಟ ಚೌಕ, ಅದರೊಳಗೆ ಒಂದಂಕಿ. ಮಗು ಬೇಡವೆಂದರೆ ಒಂದು, ಬರಲಿ ಎಂದರೆ ಎರಡು, ತೀರ್ಮಾನವಾಗಿಲ್ಲದಿದ್ದರೆ ಮೂರು. ಎರಡು ದಿನ ತರಬೇತಿ ನಡೆದಿತ್ತು. “ಜನರ ಮಾತನ್ನ ನಾವು ತಿದ್ದಬಾರದು ಮೇಡಂ, ಹೇಗೆ ಹೇಳ್ತಾರೋ ಹಾಗೇ” ಎಂದು ಸಂಸ್ಥೆಯ ಸಂಯೋಜಕ, ಅವಳ ಮಗನಾಗಬಹುದಾದ ವಯಸ್ಸಿನವನು, ಮತ್ತೆ ಮತ್ತೆ ಹೇಳಿದ್ದ. ಮೂಗು ಮುರಿದಿದ್ದಳು. ಆದರೆ ಬರೆಯುತ್ತ ಬರೆಯುತ್ತ ಅದರ ರುಚಿ ಹತ್ತಿತು. ‘ನಮ್ಮೆಜಮಾನ್ರು ಗೋಡೆ ಇದ್ದಂಗೆ, ಅವರಿಗೆ ಅಭಿಪ್ರಾಯ ಇಲ್ಲ.’ ‘ಮಾವ ಇನ್ನೊಂದು ಗಂಡಾಗಲಿ ಅಂತಾರೆ, ಹೆರೋದು ಅವರಾ?’ ಇಷ್ಟು ವರ್ಷ ಗುರುತಿನ ಕೆಳಗೆ ಮುಚ್ಚಿಹೋದ ಮಾತುಗಳೆಷ್ಟು ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ಸಮಾಲೋಚಕಿ ಆಗಲೇ ಬಂದು ತೂಕದ ಯಂತ್ರ ಒರೆಸುತ್ತಿದ್ದಳು. ನಲವತ್ತು ದಾಟಿದವಳು, ಗಂಡನ ಮನೆ ಬಿಟ್ಟು ಬಂದು ಮಗಳನ್ನು ಓದಿಸುತ್ತಿರುವವಳು, ವರ್ಷ ವರ್ಷವೂ ಸಂಸ್ಥೆ ಮುಂದುವರಿಸಿದರಷ್ಟೇ ಅವಳ ಕೆಲಸ. ಅವಳು ತಲೆಯೆತ್ತದೆ, “ನಾನೇನೂ ಹೇಳಲ್ಲ ಅಕ್ಕಾ. ನಿಮ್ಮ ಹೆಸರು ಎತ್ತಿದ್ರೆ, ಅವತ್ತು ನಾನಿರಲಿಲ್ಲ, ಖಾಲಿ ಹಾಳೆಗೆ ಸಹಿ ಹಾಕಿಟ್ಟು ಹೋಗಿದ್ದೆ ಅಂತಾನೂ ಹೇಳ್ಬೇಕಲ್ಲ” ಎಂದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. “ಹೇಳಿದ್ರೆ ಹೇಗೋ, ಹೇಳದಿದ್ರೆ ಹೇಗೋ.” ಸಾಕಮ್ಮನಿಗೆ ಎದೆಯಲ್ಲೊಂದು ಹಗುರ ಹಾದುಹೋಯಿತು, ಹಾದುಹೋದದ್ದು ತನಗೇ ಗೊತ್ತಾಗಿ ಮುಖ ಬಿಸಿಯಾಯಿತು. ಇವಳು ಬಾಯಿ ಬಿಡುವುದಿಲ್ಲ, ನಾನು ಉಳಿದೆ. ಹಾಗಂದುಕೊಂಡದ್ದು ನಿಜ. “ಫ್ಯಾನ್ ಹಾಕ್ತೀಯೇನಮ್ಮ” ಎಂದಳು, ಬೇರೇನು ಹೇಳಬೇಕೋ ತೋಚದೆ.

ಹತ್ತು ತಿಂಗಳ ಹಿಂದಿನ ಮಧ್ಯಾಹ್ನವದು. ಸಮಾಲೋಚಕಿ ತಾಯಿಯ ಕಣ್ಣು ತೋರಿಸಲು ಹೋಗಬೇಕಿತ್ತು. “ಹದಿನೈದು ಹಾಳೆಗೆ ಸಹಿ ಹಾಕಿಟ್ಟಿದೀನಿ ಅಕ್ಕಾ, ಬಂದವರನ್ನ ಸ್ವಲ್ಪ ನೋಡ್ಕೊಳ್ಳಿ” ಎಂದು ಹೋದಳು. ಹೊಸದೇನೂ ಅಲ್ಲ, ಎಲ್ಲ ಜಂಟಿ ಕ್ಲಿನಿಕ್ಕುಗಳಲ್ಲೂ ನಡೆಯುವುದೇ. ಇವರ ಹಾಳೆಗೆ ಅವರು, ಅವರ ರಿಜಿಸ್ಟರಿಗೆ ಇವರು. ಹದಿನಾಲ್ಕು ಜನ ಬಂದಿದ್ದರು. ಈ ಹಾಳೆಯ ಹೆಂಗಸು ಹನ್ನೊಂದನೆಯವಳೋ ಹನ್ನೆರಡನೆಯವಳೋ. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು, ಬೆರಳ ತುದಿಗಳಲ್ಲಿ ಸೂಜಿಯ ಕರಿ ಚುಕ್ಕೆಗಳು, ಮೂರು ಮಕ್ಕಳು. ನಾಲ್ಕನೆಯ ಕಲಮಿನಲ್ಲಿ ‘ಮೂರನೆಯದಕ್ಕೆ ತುಂಬಾ ರಕ್ತ ಹೋಯ್ತು, ಎರಡು ದಿನ ಎಚ್ಚರ ಇರಲಿಲ್ಲ’ ಎಂದು ಬರೆದುಕೊಂಡದ್ದು ನೆನಪಿದೆ. ಮನೆಯಿಂದ ಗಂಡನ ಫೋನು ಎರಡು ಸಲ ಬಂದಿತ್ತು, ದೊಡ್ಡಮ್ಮ ಮೊದಲ ಸಲ ಬಿದ್ದ ದಿನ ಅದು. ಏಳನೆಯ ಕಲಮಿಗೆ ಬಂದಾಗ, “ಅಕಸ್ಮಾತ್ ಇನ್ನೊಂದು ಆಯ್ತು ಅಂದ್ಕೋ, ಮನೇಲಿ ಏನಂತಾರೆ?” ಎಂದು ಕೇಳಿದಳು. ಆಕೆ ತಲೆ ತಗ್ಗಿಸಿಕೊಂಡು “ಅತ್ತೆ ಸಾಕು ಅಂತಾರೆ” ಎಂದಳು. ಇವಳು ಹಾಗೇ ಬರೆದಳು: ‘ಅತ್ತೆ ಸಾಕು ಅಂತಾರೆ.’ ಬರೆದು, ಚೌಕದೊಳಗೆ ಎರಡು ಎಂದು ಹಾಕಿದಳು. ಆದರೆ ಆಗಲಿ, ಸಾಕು, ಹೆತ್ತದ್ದನ್ನ ಸಾಕಿಕೋ ಅನ್ನುತ್ತಾರೆ ಅತ್ತೆ, ಎಂದೇ ಅವಳ ಕಿವಿಗೆ ಬಿದ್ದದ್ದು. ಒಂದು ಕ್ಷಣವೂ ಅನುಮಾನ ಬರಲಿಲ್ಲ. ಅತ್ತೆಯನ್ನು ಒಪ್ಪಿಸಿ ಬಾ ಎಂದು ಹೇಳಿದ್ದಕ್ಕೆ ಆಕೆ ಏನೂ ಅರ್ಥವಾಗದವಳಂತೆ ಒಮ್ಮೆ ನೋಡಿದ್ದೂ ನೆನಪಿದೆ. ಆ ನೋಟವನ್ನು ದಡ್ಡತನ ಎಂದುಕೊಂಡು ಮುಂದಿನವಳನ್ನು ಕರೆದಿದ್ದಳು.

ಅನುಮಾನ ಬರದಿರಲು ಕಾರಣ ಯಾರಿಗೆ ಹೇಳುವುದು? ತಾನು ಹುಟ್ಟಿದ ಬೆಳಿಗ್ಗೆಯ ಕತೆಯನ್ನು ಅವಳು ಸಾವಿರ ಸಲ ಕೇಳಿದ್ದಾಳೆ. ನಾಲ್ಕು ಹೆಣ್ಣಿನ ಮೇಲೆ ಐದನೆಯದು. ಅಜ್ಜಿ ಬಾಣಂತಿ ಕೋಣೆಗೆ ಬಂದು, ಬಟ್ಟೆ ಸರಿಸಿ ನೋಡಿ, “ಸಾಕು” ಎಂದು ಒಂದೇ ಮಾತು ಹೇಳಿ ಹೊರಗೆ ಹೋದಳಂತೆ. ಅಮ್ಮ ಗೋಡೆಯ ಕಡೆ ತಿರುಗಿದಳಂತೆ. ಆಗ ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದ ದೊಡ್ಡಮ್ಮ, ಅಮ್ಮನ ಅಕ್ಕ, ಮದುವೆಯಾಗಿ ಹನ್ನೆರಡು ವರ್ಷವಾದರೂ ಮಡಿಲು ತುಂಬದವಳು, ಕೈ ಒರೆಸಿಕೊಂಡು ಬಂದು ಕೂಸನ್ನು ಎತ್ತಿಕೊಂಡಳು. “ಹಿರಿಯರು ಸಾಕು ಅಂದ್ರು, ಸಾಕ್ದೆ. ದೊಡ್ಡವರ ಮಾತು ಮೀರೋಕಾಗುತ್ತಾ?” ಎಂದು ಬಂದುಹೋದವರ ಮುಂದೆಲ್ಲ ಹೇಳಿ ದೊಡ್ಡಮ್ಮ ಗಹಗಹಿಸಿ ನಗುತ್ತಿದ್ದಳು. ಚಿಕ್ಕವಳಿದ್ದಾಗ ಅವಳೂ ನಗುತ್ತಿದ್ದಳು. ನಗುವಿನೊಳಗಿನದು ತಿಳಿದದ್ದು ಹದಿನಾಲ್ಕರಲ್ಲೋ ಹದಿನೈದರಲ್ಲೋ. ಅವತ್ತು ಹಿತ್ತಲ ಬಚ್ಚಲಲ್ಲಿ ಕೂತು ಅತ್ತಿದ್ದಳು. ಬೇಕಂತಲೇ ತಪ್ಪಾಗಿ ಕೇಳಿಸಿಕೊಂಡ ಒಂದು ಮಾತಿನ ಮೇಲೆ ತನ್ನ ಇಡೀ ಬದುಕು ನಿಂತಿದೆ. ಅಂಥ ಕಿವಿಗೆ ಸಾಕು ಎಂದರೆ ಎತ್ತಿಕೋ ಎಂದೇ ಮೊದಲು ಕೇಳಿಸುತ್ತದೆ, ಏನು ಮಾಡುವುದು? ಹೀಗೆ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳಲು ನೋಡಿದಳು. ದೊಡ್ಡಮ್ಮ ತಪ್ಪು ಕೇಳಿಸಿಕೊಂಡು ತಾನು ಹೊತ್ತಳು. ನಾನು ತಪ್ಪು ಕೇಳಿಸಿಕೊಂಡು ಇನ್ನೊಬ್ಬಳ ಮೇಲೆ ಹೊರಿಸಿದೆ. ಸಮಾಧಾನ ಅಲ್ಲಿಗೇ ನಿಂತಿತು.

ಮೀಟಿಂಗು ಮಹಡಿಯ ಹಾಲಿನಲ್ಲಿ. ನಗರಸಭೆಯ ಆರೋಗ್ಯಾಧಿಕಾರಿ ಉದ್ದ ಮೇಜಿನ ತುದಿಗೆ, ಎದುರಿಗೆ ಸಂಯೋಜಕ, ಅವನ ಪಕ್ಕದಲ್ಲಿ ಸಮಾಲೋಚಕಿ. ಸಾಕಮ್ಮನಿಗೆ ಕುರ್ಚಿ ಇರಲಿಲ್ಲ, ಇರುವುದಿಲ್ಲವೆಂದು ಗೊತ್ತಿದ್ದೇ ರಿಜಿಸ್ಟರು ಅಪ್ಪಿಕೊಂಡು ಗೋಡೆಗೆ ನಿಂತಳು. “ಮೇಡಂ, ಆ ಕಿಟಕಿ ಪರದೆ ಸ್ವಲ್ಪ ಎಳೀರಿ” ಎಂದ ಸಂಯೋಜಕ. ಎಳೆದಳು. ಪ್ರೊಜೆಕ್ಟರಿನಿಂದ ಎದುರು ಗೋಡೆಯ ಮೇಲೆ ಬಣ್ಣ ಬಣ್ಣದ ಕಂಬಗಳು ಬಂದವು: ಇಷ್ಟು ವಾರ್ಡು, ಇಷ್ಟು ಭೇಟಿ, ಒಪ್ಪಂದ ಮೂರು ವರ್ಷ ಮುಂದುವರಿದರೆ ಇಷ್ಟು. ಸುಳ್ಳೇನಲ್ಲ, ಆ ಕಂಬಗಳ ಅರ್ಧ ಎತ್ತರ ಅವಳ ಕಾಲಿನ ಸವೆತವೇ. ಆಮೇಲೆ ಕಂಬಗಳು ಹೋಗಿ ಒಂದು ಹಾಳೆ ಬಂತು. ತನ್ನ ಅಕ್ಷರವನ್ನು ಅವಳು ಅಷ್ಟು ದೊಡ್ಡದಾಗಿ ಯಾವತ್ತೂ ನೋಡಿರಲಿಲ್ಲ. ಒಂದೊಂದು ಅಕ್ಷರ ಒಂದೊಂದು ಮಗುವಿನಷ್ಟು ಎತ್ತರ. ‘ಸಾ’ದ ದೀರ್ಘವನ್ನು ಕೆಳಗೆಳೆದು ಒಳಕ್ಕೆ ಸುತ್ತಿಸುವುದು ಅವಳ ಚಾಳಿ, ಶಾಲೆಯಲ್ಲಿ ಅದಕ್ಕೇ ಏಟು ತಿಂದವಳು. ಪಕ್ಕದ ಚೌಕದಲ್ಲಿ ಎರಡು. ಕೆಳಗೆ ಸಮಾಲೋಚಕಿಯ ಸಹಿ. ಅವಳು ಗೋಡೆಗೆ ಇನ್ನಷ್ಟು ಒರಗಿದಳು.

“ಮಾತು ನೋಡಿದ್ರೆ ಒಂದು ಹಾಕ್ಬೇಕು, ಹಾಕಿರೋದು ಎರಡು” ಎಂದ ಸಂಯೋಜಕ. “ಕಂಪ್ಯೂಟರಿಗೆ ಹೋಗೋದು ಅಂಕಿ ಮಾತ್ರ. ಎರಡು ಅಂತಿದ್ದಿದ್ದಕ್ಕೆ ಆಪರೇಷನ್ ಶಿಬಿರದ ಪಟ್ಟೀಲಿ ಹೆಸರು ಬರ್ಲಿಲ್ಲ, ವಾಪಸ್ ಕಳಿಸಿದಾರೆ. ಈಗ ಆಕೆಗೆ ಏಳು ತಿಂಗಳು. ಡಾಕ್ಟ್ರು ಹೆರಿಗೆ ಕಷ್ಟ ಇದೆ ಅಂತ ಬರೆದಿದಾರೆ.” ಆರೋಗ್ಯಾಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಿ, ಹಾಳೆ ನಿಮ್ಮದು, ಸಹಿ ನಿಮ್ಮವರದು. ನಮ್ಮ ಕಡೆಯಿಂದ ಇದರಲ್ಲಿ ಯಾರ ಕೈಯೂ ಇಲ್ಲ. ಅಷ್ಟು ಸ್ಪಷ್ಟವಾಗಿ ನಡಾವಳೀಲಿ ಬಂದುಬಿಟ್ರೆ ಒಪ್ಪಂದಕ್ಕೆ ನನ್ನದೇನೂ ಅಡ್ಡಿ ಇಲ್ಲ.” ಕೈ ತೊಳೆದುಕೊಂಡ ನಿರಾಳ ಅವರ ದನಿಯಲ್ಲಿತ್ತು. ಸಂಯೋಜಕ ತಗ್ಗಿದ ದನಿಯಲ್ಲಿ, “ಒಪ್ಕೊಳ್ತೀವಿ ಸಾರ್. ತಿಂಗಳ ಕೊನೆಗೆ ಇವರನ್ನ ಬಿಡುಗಡೆ ಮಾಡ್ತೀವಿ” ಎಂದ. ಬಿಡುಗಡೆ! ಸಮಾಲೋಚಕಿ ಗೋಡೆಯ ಮೇಲಿನ ಸಹಿಯನ್ನೇ ನೋಡುತ್ತಿದ್ದಳು. “ನೀವೇನಾದ್ರೂ ಹೇಳೋದಿದೆಯಾ?” ಎಂದು ಕೇಳಿದ್ದಕ್ಕೆ ತಲೆಯಾಡಿಸಿ ಇಲ್ಲವೆಂದಳು. ಹೇಳಬೇಕಾದವಳು ಗೋಡೆಗೆ ಒರಗಿ ನಿಂತಿದ್ದಳು. ವಿಚಾರಣೆ, ನೋಟೀಸು, ಎಂಟು ತಿಂಗಳು, ದೊಡ್ಡಮ್ಮನ ಮಗ್ಗುಲು, ಎಲ್ಲವೂ ಒಟ್ಟಿಗೆ ತಲೆಯಲ್ಲಿ ಸುತ್ತಿದವು. ಅಷ್ಟರಲ್ಲಿ ಟೀ ಬಂತು. “ಹತ್ತು ನಿಮಿಷ” ಎಂದರು ಆರೋಗ್ಯಾಧಿಕಾರಿ. ಟೀ ಹೀಗೆ ಯಾರನ್ನಾದರೂ ಕಾಪಾಡಿದ್ದನ್ನು ಅವಳು ನೋಡಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಆ ಗುಂಡಿ ಹೊಲಿಯುವ ಹೆಂಗಸು ಕೂತಿದ್ದಳು. ಮೀಟಿಂಗಿಗೆ ಬಾ ಎಂದು ಕರೆಸಿದ್ದರಂತೆ, ಒಳಗೆ ಕರೆದಿರಲಿಲ್ಲ. ಕಾಲು ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತಿತ್ತು. ಸಾಕಮ್ಮ ತನ್ನ ಲೋಟ ಅವಳ ಕೈಗೆ ಕೊಟ್ಟಳು. ಆಕೆ ಎರಡು ಗುಟುಕು ಕುಡಿದು, ಮುಖ ನೋಡಿ, “ನೀವೇ ಅಲ್ವಾ ಅವತ್ತು ಬರ್ಕೊಂಡಿದ್ದು?” ಎಂದಳು. ತಲೆ ಓರೆ ಮಾಡಿ ಬರೀತೀರಲ್ಲ, ಅದು ನೆನಪಿದೆ ಎಂದೂ ಸೇರಿಸಿದಳು.

“ಹೌದಮ್ಮ, ನಾನೇ.”

ಅಷ್ಟು ಸುಲಭಕ್ಕೆ ಹೊರಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಬೈಗುಳಕ್ಕೆ ಕಾದಳು. ಆಕೆ ಬೈಯಲಿಲ್ಲ, ಆದರೆ ಕ್ಷಮಿಸಿದ ಹಾಗೂ ಕಾಣಲಿಲ್ಲ. “ಶಿಬಿರದ ದಿನ ಮೂರು ಗಂಟೆ ಇದೇ ಬೆಂಚಿನ ಮೇಲೆ ಕೂರಿಸಿ ನಿನ್ನ ಹೆಸರಿಲ್ಲ ಅಂದ್ರು. ಎಲ್ಲರೂ ನೋಡ್ತಿದ್ರು. ಮನೆಗೆ ಹೋದ್ರೆ ನಮ್ಮತ್ತೆ, ಆಪರೇಷನ್ನಿಗೆ ಹೆದ್ರಿ ಓಡಿಬಂದು ಸುಳ್ಳು ಹೇಳ್ತೀಯ ಅಂದ್ರು. ಅವರೇ ಬುತ್ತಿ ಕಟ್ಟಿ ಕಳಿಸಿದ್ರಮ್ಮ ಅವತ್ತು. ಮೂರನೇದು ಹುಟ್ಟಿದಾಗ ನನ್ನ ರಕ್ತ ಒಗೆದವರು ಅವರೇ. ಹೊಟ್ಟೆ ಕಾಣಿಸಿಕೊಂಡಾಗಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಕೂಸು ಬರ್ಲಿ, ಸಾಕೋಣ ಅಂತಾರೆ, ಅದನ್ನೂ ಗೋಡೆಗೆ ಹೇಳಿದ ಹಾಗೆ ಹೇಳ್ತಾರೆ.” ಲೋಟ ಕೆಳಗಿಟ್ಟಳು. “ನಂಗೆ ಇವರ ಮೀಟಿಂಗು ಬೇಡ. ತಪ್ಪು ನಂದಲ್ಲ ಅಂತ ಒಂದು ಚೀಟಿ ಬರ್ಕೊಡಿ. ಅತ್ತೆಗೆ ಓದಕ್ಕೆ ಬರಲ್ಲ. ಮೊಹರು ಇದ್ರೆ ನಂಬ್ತಾರೆ. ಒಳಗೆ ಹೆರಿಗೆ ಟೇಬಲ್ ಮೇಲೆ ಮಲಗೋವಾಗ ಅವರು ಹೊರಗೆ ಸಿಟ್ಟು ಮಾಡ್ಕೊಂಡು ಕೂತಿರೋದು ನಂಗೆ ಬೇಡ.”

ಸಾಕಮ್ಮ ಚೀಲದಿಂದ ಹೊಸ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಹೆರಿಗೆಯಾದ ಕೂಡಲೇ ಆಪರೇಷನ್ ಆಗುವಂತೆ ಈಗಲೇ ಹೆಸರು ಹಚ್ಚಬಹುದು, ಇಷ್ಟಾದರೂ ಮಾಡೋಣ ಎಂದು. ಒಂದು, ಎರಡು, ಮೂರು ಕಲಮು ಕೈ ತಾನಾಗಿ ತುಂಬಿತು. ಏಳನೆಯದಕ್ಕೆ ಬಂದು ನಿಂತಿತು. ‘ಮನೆಯವರ ಅಭಿಪ್ರಾಯ.’ ಎಷ್ಟು ನೂರು ಸಲ ಓದಿದ ಸಾಲು. ಅತ್ತೆ ಏನಂದರು, ಮಾವ ಏನಂದರು, ಗೋಡೆಯಂಥ ಗಂಡ ಏನಂದ. ಇಪ್ಪತ್ತೆರಡು ಕಲಮುಗಳಲ್ಲಿ ಹೆರುವವಳ ಅಭಿಪ್ರಾಯ ಎಲ್ಲಾದರೂ ಇದೆಯೇ ಎಂದು ಪುಟ ತಿರುವಿ ತಿರುವಿ ಹುಡುಕಿದಳು. ಇರಲಿಲ್ಲ. ಅವರ ಹಾಳೆಯಲ್ಲೂ ಇಲ್ಲ, ತಮ್ಮ ರಿಜಿಸ್ಟರಿನಲ್ಲೂ ಇರಲಿಲ್ಲ, ತನ್ನ ಬಾಯಲ್ಲೂ ಬಂದಿರಲಿಲ್ಲ. ತಪ್ಪು ಕೇಳಿಸಿಕೊಂಡದ್ದು ಆಮೇಲಿನ ಮಾತು. ಕೇಳಿದ್ದೇ ತಪ್ಪು.

“ಅವತ್ತು ನಿನ್ನನ್ನೇ ಕೇಳಿದ್ರೆ ಏನಂತಿದ್ದೆ?” ಎಂದಳು.

ಆಕೆ ಸೊಂಟಕ್ಕೆ ಕೈ ಕೊಟ್ಟು ಸ್ವಲ್ಪ ಹಿಂದಕ್ಕೆ ಬಾಗಿದಳು. ಬಹಳ ಹೊತ್ತು ಯೋಚಿಸುವವಳಂತೆ ಕಾಣಲಿಲ್ಲ. “ನಂಗೆ ಸಾಕಾಗಿದೆ ಅಂತಿದ್ದೆ” ಎಂದಳು. “ಅದರಲ್ಲಿ ಕೇಳೋದೇನಿದೆ? ಮುಖ ನೋಡಿದ್ರೆ ಗೊತ್ತಾಗಲ್ವಾ?”

ಬರೆದಳು. ‘ನಂಗೆ ಸಾಕಾಗಿದೆ.’ ದೀರ್ಘದ ಬಾಲ ತಾನಾಗಿ ಕೆಳಗಿಳಿದು ಒಳಕ್ಕೆ ಸುತ್ತಿಕೊಂಡಿತು. ಈ ಮಾತಿಗೆ ಎರಡು ಅರ್ಥ ಹುಟ್ಟಿಸಲು ಯಾವ ದೊಡ್ಡಮ್ಮನಿಂದಲೂ ಆಗುವುದಿಲ್ಲ ಎನಿಸಿತು. ಬೆಳಿಗ್ಗೆ ಮೂರನೆಯ ಚಮಚದ ಹೊತ್ತಿಗೆ ಆ ಮುದುಕಿ ಹೇಳಿದ್ದೂ ಇದನ್ನೇ ಇರಬೇಕು ಎನಿಸಿ ಕಣ್ಣು ತುಂಬ ನೀರು ಬಂತು. “ಹತ್ತು ನಿಮಿಷ ಕೂತಿರು. ಚೀಟಿ ತರ್ತೀನಿ. ಈ ಸಲ ನಿನ್ನ ಕಾಯಿಸಲ್ಲ” ಎಂದು ಎದ್ದಳು. ಆಕೆ ನಂಬಿದಂತೇನೂ ಕಾಣಲಿಲ್ಲ, ಚಪ್ಪಲಿ ಬಿಚ್ಚಿ ಕಾಲು ಚಾಚಿದಳು.

ಹಾಲಿನಲ್ಲಿ ಲೋಟಗಳು ಇನ್ನೂ ಮೇಜಿನ ಮೇಲಿದ್ದವು, ಗೋಡೆಯ ಮೇಲೆ ಹಾಳೆ ಹಾಗೇ ಇತ್ತು. ಅವಳು ನೇರ ಹೋಗಿ ಹೊಸ ಹಾಳೆಯನ್ನು ಆರೋಗ್ಯಾಧಿಕಾರಿಯ ಮುಂದಿಟ್ಟಳು. ಅವರು ಅದನ್ನು ಓದಿ, “ನಂಗೆ ಸಾಕಾಗಿದೆ... ಏನ್ರೀ ಇದು, ರಾಜೀನಾಮೇನಾ?” ಎಂದರು. ಸಂಯೋಜಕ ನಕ್ಕ. ಸಮಾಲೋಚಕಿ ನಗಲಿಲ್ಲ, ಆಕೆಯ ಕಣ್ಣು ಹಾಳೆಯಿಂದ ಗೋಡೆಗೆ, ಗೋಡೆಯಿಂದ ಹಾಳೆಗೆ ಓಡಾಡಿತು.

“ಮಾತು ಹೊರಗೆ ಕೂತಿರೋ ಹೆಂಗಸಿಂದು ಸಾರ್. ಅಕ್ಷರ ನಂದು. ಗೋಡೆ ಮೇಲಿರೋದೂ ನಂದೇ.”

ನಗು ನಿಂತಿತು. ಆರೋಗ್ಯಾಧಿಕಾರಿ ಎರಡೂ ‘ಸಾ’ಗಳನ್ನು ಒಂದಾದ ಮೇಲೊಂದು ನೋಡಿದರು. ಆಮೇಲೆ ಮೊದಲ ಬಾರಿಗೆ, “ಕೂತ್ಕೊಳ್ಳಿ ಮೇಡಂ” ಎಂದು ಪಕ್ಕದ ಕುರ್ಚಿ ಎಳೆದರು. ದನಿ ಇಳಿಸಿ, “ಇನ್ನೆಷ್ಟು ತಿಂಗಳಿದೆ ನಿಮಗೆ? ಎಂಟಾ? ಇದನ್ನೆಲ್ಲ ಆಮೇಲೆ ಮಾತಾಡೋಣ, ಈಗ ಸುಮ್ಮನಿರಿ” ಎಂದರು. ಕೆಟ್ಟ ಮನುಷ್ಯರೇನಲ್ಲ ಅವರು. ಆ ಕುರ್ಚಿಯ ಮೇಲೆ ಒಮ್ಮೆ ಕೂತರೆ ಏಳಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಾಲು ನೋಯುತ್ತಿದ್ದರೂ ಕೂರಲಿಲ್ಲ. “ಈಗಲೇ ನಡಾವಳೀಲಿ ಬರೀಬೇಕು ಸಾರ್. ಬರೆದು, ಮೊಹರು ಹಾಕಿ, ಆಕೆಗೊಂದು ಪ್ರತಿ ಕೊಡ್ಬೇಕು. ಅತ್ತೆಗೆ ತೋರಿಸ್ತಾಳಂತೆ.”

ಸಂಯೋಜಕ ಅಧಿಕಾರಿಯ ಮುಖ ನೋಡಿದ. ಅವನು ಪೆನ್ನು ತೆಗೆದು, ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದಿದ: “ಸಂವಹನದ ಕೊರತೆಯಿಂದಾಗಿ ಮಾಹಿತಿ ದಾಖಲಾತಿಯಲ್ಲಿ...”

“ಹಾಗಲ್ಲಪ್ಪ” ಎಂದಳು. ಮೇಡಂ ಎಂದು ಕರೆಸಿಕೊಂಡವಳ ದನಿಯಲ್ಲ ಅದು, ಮನೆಯಲ್ಲಿ ಮಗನಿಗೆ ಹೇಳುವ ದನಿ. “ನೀನೇ ಕಲಿಸಿದ್ದಲ್ವಾ, ಹೇಗೆ ಹೇಳ್ತಾರೋ ಹಾಗೇ ಅಂತ. ನಾನು ಹೇಳ್ತೀನಿ, ಬರ್ಕೋ. ಅವತ್ತು ಸಂಸ್ಥೆಯವರ ಹಾಳೆ ತುಂಬಿದ್ದು ನಾನು. ಅತ್ತೆ ಸಾಕು ಅಂದಿದ್ದನ್ನ ನಾನು ತಪ್ಪು ಕೇಳಿಸ್ಕೊಂಡೆ. ಆ ಹುಡುಗಿ ಹೆದ್ರಿ ಓಡಿಹೋಗಿಲ್ಲ. ಶಿಬಿರಕ್ಕೆ ಬಂದಿದ್ಲು, ಕಳಿಸಿದ್ದು ನಾವು.”

ಅವನು ಬರೆದ. ಸಮಾಲೋಚಕಿ ಮುಖ ಮುಚ್ಚಿಕೊಂಡಿದ್ದಳು. ಖಾಲಿ ಹಾಳೆಗೆ ಸಹಿ ಹಾಕಿದ್ದಕ್ಕೆ ಇನ್ನು ಅವಳಿಗೇನಾಗುತ್ತದೋ, ತನಗೇನಾಗುತ್ತದೋ, ಸಾಕಮ್ಮನಿಗೆ ಅದನ್ನು ಯೋಚಿಸುವಷ್ಟೂ ತ್ರಾಣವಿರಲಿಲ್ಲ. ಆರೋಗ್ಯಾಧಿಕಾರಿ ಮೊಹರಿನ ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಬೇಸತ್ತವರಂತೆ, “ಇಷ್ಟು ಸಾಕೇನ್ರೀ?” ಎಂದರು.

“ಇನ್ನೊಂದು ಸಾಲಿದೆ ಸಾರ್” ಎಂದಳು. “ಆಕೆಗೆ ಏನು ಬೇಕು ಅಂತ ನಾನು ಕೇಳ್ಲೇ ಇಲ್ಲ. ಅದನ್ನೂ ಬರ್ಕೊಳ್ಳಿ.”